ಬೇಸಗೆಯ ಮಡುವಿನಲ್ಲಿ ದೇವರ ಮೀನು ಯಾಕೆ ಬಾಯಿ ಬಿಡುತ್ತದೆ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆ, ತುಂಗಾ ಹೊಳೆ ದಂಡೆಯ ಊರು. ನಮ್ಮೂರ ಮಡುವಿನಲ್ಲಿ ದೇವರ ಮೀನು, ಅಂದರೆ ಮಹಶೀರ್, ತುಂಬಾ ಇವೆ. ಈ ಏಪ್ರಿಲ್‌ನಲ್ಲಿ ನಾಲ್ಕೈದು ದಿನ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ದೊಡ್ಡ ಮೀನು ಮೂರು ಸತ್ತೂ ಹೋದವು. ಯಾರೋ ವಿಷ ಹಾಕಿದ್ದಾರೆ ಅಂತ ಕೆಲವರು, ಬಿಸಿಲು ಜಾಸ್ತಿ ಆಯಿತು ಅಂತ ಕೆಲವರು. ನೀರಲ್ಲೇ ಇರುವ ಮೀನಿಗೆ ಬಿಸಿಲು ಏನು ಮಾಡುತ್ತದೆ? ನಾವು ಮಂಡಕ್ಕಿ ಹಾಕುವುದು ತಪ್ಪಾ? ಇನ್ನೊಂದು, ನಮ್ಮ ಭಾವ ಹಿಮಾಚಲಕ್ಕೆ ಹೋಗಿ ಟ್ರೌಟ್ ಅನ್ನುವ ತಣ್ಣೀರಿನ ಮೀನಿನ ಸಾಕಣೆ ನೋಡಿ ಬಂದಿದ್ದಾರೆ. ಆಗುಂಬೆ ಹತ್ತಿರದ ತೋಟದ ಹಳ್ಳದಲ್ಲಿ ಅದನ್ನೇ ಸಾಕೋಣ ಅಂತಿದ್ದಾರೆ. ಆಗುತ್ತದಾ?

ಉತ್ತರ: ನೀವು ಬರೆದದ್ದು ನೋಡಿದರೆ ವಿಷ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಭಾವನವರ ಟ್ರೌಟ್ ಪ್ರಶ್ನೆಯನ್ನೂ ಜೊತೆಗೇ ಇಟ್ಟುಕೊಳ್ಳೋಣ, ಯಾಕೆಂದರೆ ಎರಡರ ಬೇರೂ ಒಂದೇ ಜಾಗದಲ್ಲಿದೆ. ಕಿವಿರಿನಲ್ಲಿ.

ಮೀನು ಪೇಟೆಗೆ ಹೋದರೆ ಎಲ್ಲರೂ ಮೊದಲು ಕಿವಿರು ಎತ್ತಿ ನೋಡುತ್ತೇವೆ ಅಲ್ವಾ? ಕೆಂಪಗಿದ್ದರೆ ತಾಜಾ, ಕಂದಿದ್ದರೆ ಬೇಡ. ಮುಂದಿನ ಸಲ ಇನ್ನೊಂದು ಕೆಲಸ ಮಾಡಿ. ಕಿವಿರಿನ ಒಂದು ಕಮಾನು ಕತ್ತರಿಸಿ ಬಿಳಿ ಬಟ್ಟಲಿನ ನೀರಿನಲ್ಲಿ ತೇಲಿಬಿಡಿ. ಕೈಯಲ್ಲಿದ್ದಾಗ ಒದ್ದೆ ಕೂದಲಿನ ಹಾಗೆ ಅಂಟಿಕೊಂಡಿದ್ದ ಎಳೆಗಳು ನೀರಿಗೆ ಬಿದ್ದ ಕೂಡಲೇ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಒಳ್ಳೆಯ ಭೂತಗನ್ನಡಿ ಇದ್ದರೆ ಒಂದೊಂದು ಎಳೆಯ ಎರಡೂ ಬದಿಗೆ ಪುಸ್ತಕದ ಹಾಳೆಗಳಂತೆ ಸಾಲಾಗಿ ನಿಂತ ಸಣ್ಣ ಸಣ್ಣ ಎಸಳುಗಳೂ ಕಾಣುತ್ತವೆ. ಉಸಿರಾಟ ನಡೆಯುವುದು ಆ ಎಸಳುಗಳಲ್ಲಿ. ಒಳಗೆ ರಕ್ತ, ಹೊರಗೆ ಹೊಳೆ ನೀರು. ನಡುವಿನ ಚರ್ಮ ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ನೀರು ಒಂದು ಕಡೆಗೆ ಹರಿದರೆ ರಕ್ತ ಅದಕ್ಕೆ ಎದುರಾಗಿ ಹರಿಯುತ್ತದೆ. ಹಾಗಾಗಿ ನೀರು ದಾಟಿ ಹೋಗುವ ತನಕ ಪ್ರತಿ ಹಂತದಲ್ಲೂ ಅದರಲ್ಲಿ ರಕ್ತಕ್ಕಿಂತ ಸ್ವಲ್ಪ ಜಾಸ್ತಿ ಆಕ್ಸಿಜನ್ ಇದ್ದೇ ಇರುತ್ತದೆ, ರಕ್ತ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಒಳ್ಳೆಯ ಸ್ಥಿತಿಯಲ್ಲಿ ನೀರಿನಲ್ಲಿರುವ ಆಕ್ಸಿಜನ್‌ನ ಶೇಕಡಾ 80ರವರೆಗೂ ಹೀಗೆ ಎಳೆದುಕೊಳ್ಳಬಲ್ಲದು. ನಮ್ಮ ಶ್ವಾಸಕೋಶ ಗಾಳಿಯಿಂದ ತೆಗೆಯುವುದು ಕಾಲು ಭಾಗ ಮಾತ್ರ.

ಇಷ್ಟು ಚೆನ್ನಾಗಿ ಕೆಲಸ ಮಾಡಲೇಬೇಕು, ಬೇರೆ ದಾರಿ ಇಲ್ಲ. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್ ಆಕ್ಸಿಜನ್ ಇರುತ್ತದೆ. 10 ಡಿಗ್ರಿಯ ತಣ್ಣನೆ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಲೀಟರ್. ಮೇಲಾಗಿ ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಅದನ್ನು ಬಾಯಿಯಿಂದ ಎಳೆದು ಕಿವಿರು ಮುಚ್ಚಳದಿಂದ ಹೊರಗೆ ತಳ್ಳುವುದೇ ಒಂದು ದುಡಿಮೆ. ಸುಮ್ನೆ ನಿಂತಿರುವಾಗಲೂ ಮೀನು ತಾನು ಗಳಿಸಿದ ಆಕ್ಸಿಜನ್‌ನಲ್ಲಿ ಹೆಚ್ಚು ಕಡಿಮೆ ಹತ್ತರಲ್ಲೊಂದು ಪಾಲನ್ನು ಈ ನೀರು ಎಳೆಯುವ ಕೆಲಸಕ್ಕೇ ಖರ್ಚು ಮಾಡುತ್ತದೆ.

ಈಗ ಬಿಸಿಲಿಗೆ ಬರೋಣ. ನೀರು ಬಿಸಿಯಾದಂತೆ ಆಕ್ಸಿಜನ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ತೂಕದ ಲೆಕ್ಕದಲ್ಲಿ 10 ಡಿಗ್ರಿಯಲ್ಲಿ ಲೀಟರಿಗೆ 11.3 ಮಿಲಿಗ್ರಾಂ (ಮೇಲೆ ಹೇಳಿದ 8 ಮಿಲಿಲೀಟರ್‌ನ ತೂಕ ಇದೇ), 20ರಲ್ಲಿ 9.1, 30ರಲ್ಲಿ 7.5. ನೋಡಲು ದೊಡ್ಡ ಇಳಿಕೆ ಅನ್ನಿಸುವುದಿಲ್ಲ. ಆದರೆ ಮೀನಿಗೆ ನಮ್ಮ ಹಾಗೆ ಮೈ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. 10 ಡಿಗ್ರಿ ಏರಿದರೆ ಮೈಯೊಳಗಿನ ಕೆಲಸಗಳ ವೇಗ ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ. ಅಂದರೆ ಏನೂ ಮಾಡದೆ ನಿಂತಿದ್ದರೂ ಎರಡು ಪಟ್ಟು ಆಕ್ಸಿಜನ್ ಬೇಕು. ಸಾಲದ್ದಕ್ಕೆ ಬಿಸಿ ರಕ್ತ ಆಕ್ಸಿಜನ್ ಅನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಮೈಯ ಮೂಲೆಗಳಿಗೆ ಹಂಚುವಾಗ ಇದರಿಂದ ಅನುಕೂಲ ಉಂಟು, ಕಿವಿರಿನಲ್ಲಿ ತುಂಬಿಕೊಳ್ಳುವಾಗ ಮಾತ್ರ ತೊಂದರೆ. ಮನೆಯಲ್ಲಿ ಉಣ್ಣುವ ಬಾಯಿ ಎರಡು ಪಟ್ಟಾದ ವರ್ಷವೇ ಗದ್ದೆಯ ಬೆಳೆ ಕಡಿಮೆ ಬಂದರೆ ಹೇಗೋ ಹಾಗೆ.

ಮೀನು ಆಗ ಮಾಡುವುದು ಎರಡು ಕೆಲಸ. ಜೋರಾಗಿ ನೀರು ಎಳೆಯುತ್ತದೆ, ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ. ತಣ್ಣಗಿನ ನೀರಿನಲ್ಲಿ ಆರಾಮಾಗಿರುವಾಗ ಎಲ್ಲಾ ಎಸಳುಗಳಲ್ಲೂ ರಕ್ತ ಪೂರ್ತಿ ಓಡುತ್ತಿರುವುದಿಲ್ಲ, ಕೆಲವನ್ನು ಸುಮ್ಮನಿಟ್ಟಿರುತ್ತದೆ. ಬಿಸಿಯಾದಾಗ ಅವನ್ನೂ ತೆರೆಯುತ್ತದೆ. ರಕ್ತದ ಒತ್ತಡ ಏರಿಸಿ ಎಸಳಿನ ತುದಿಯವರೆಗೂ ರಕ್ತ ನುಗ್ಗಿಸುತ್ತದೆ. ಉಸಿರಿಗೆ ಇದು ಒಳ್ಳೆಯದೇ.

ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವ, ಆದರೆ ಜನ ಅಷ್ಟಾಗಿ ಮಾತಾಡದ ಸಂಗತಿ ಇಲ್ಲಿಂದ ಶುರು. ಕಿವಿರು ಅಂದರೆ ಬರೀ ಮೂಗು ಅಲ್ಲ. ಅರ್ಧ ಮೂತ್ರಪಿಂಡದ ಕೆಲಸವೂ ಅಲ್ಲೇ. ಸಿಹಿನೀರು ಮೀನಿನ ರಕ್ತದಲ್ಲಿ ಸಮುದ್ರದ ನೀರಿನ ಮೂರನೇ ಒಂದು ಪಾಲಿನಷ್ಟು ಉಪ್ಪು ಇರುತ್ತದೆ. ಹೊರಗಿನ ಹೊಳೆಯಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಷ್ಟು ತೆಳು ಚರ್ಮದ ಆಚೆ ಈಚೆ ಇಷ್ಟು ವ್ಯತ್ಯಾಸ ಇದ್ದರೆ ಏನಾಗುತ್ತದೆ? ಉಪ್ಪು ಹೊರಗೆ ಸೋರುತ್ತದೆ, ನೀರು ಒಳಗೆ ನುಗ್ಗುತ್ತದೆ, ದಿನದ ಇಪ್ಪತ್ತನಾಲ್ಕು ಗಂಟೆಯೂ. ಒಳಗೆ ನುಗ್ಗಿದ ನೀರನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಸೋರಿದ ಉಪ್ಪನ್ನು ಕಿವಿರಿನಲ್ಲೇ ಇರುವ ಕೆಲವು ವಿಶೇಷ ಕೋಶಗಳು ಹೊಳೆ ನೀರಿನಿಂದ ಹೆಕ್ಕಿ ಹೆಕ್ಕಿ ವಾಪಸ್ ತರುತ್ತವೆ. ಅದಕ್ಕೂ ಆಕ್ಸಿಜನ್ ಬೇಕು.

ಬಿಸಿಲಿಗೆ ಮನೆಯ ಕಿಟಕಿ ಬಾಗಿಲೆಲ್ಲ ತೆರೆದರೆ ಗಾಳಿ ಬರುತ್ತದೆ, ದೂಳೂ ಬರುತ್ತದೆ. ಮೀನಿಗೂ ಹಾಗೇ. ಉಸಿರಿಗಾಗಿ ಕಿವಿರನ್ನು ಪೂರ್ತಿ ತೆರೆದಷ್ಟೂ ಉಪ್ಪು ಸೋರುವುದು ಜಾಸ್ತಿ. ಬಿಸಿಗೆ ಚರ್ಮವೂ ಸಡಿಲವಾಗಿ ಸೋರಿಕೆ ಇನ್ನೂ ಏರುತ್ತದೆ. ಕಿವಿರನ್ನು ಮುಚ್ಚಿದರೆ ಉಪ್ಪು ಉಳಿಯುತ್ತದೆ, ಉಸಿರು ಕಟ್ಟುತ್ತದೆ. ಈ ಎರಡರ ನಡುವೆ ಮೀನು ಹಗಲೂ ರಾತ್ರಿ ತೂಗಾಡುತ್ತಿರುತ್ತದೆ. ನಾಲ್ಕು ದಿನ ಬಾಯಿ ಬಿಟ್ಟುಕೊಂಡಿದ್ದ ಮೀನು ಐದನೇ ದಿನ ಸಾಯುವಾಗ ಬರೀ ಉಸಿರು ಕಟ್ಟಿ ಸಾಯುವುದಿಲ್ಲ, ಉಪ್ಪು ಕಳೆದುಕೊಂಡು ಸೋತೂ ಇರುತ್ತದೆ.

ನಮ್ಮ ಕಡೆ ಇದು ಇನ್ನೂ ಕಷ್ಟ. ತುಂಗಾ ಪಾನ ಗಂಗಾ ಸ್ನಾನ ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ, ಮಲೆನಾಡಿನ ಹೊಳೆ ನೀರು ಮೆದು ನೀರು. ಕುಡಿಯಲು ಸಿಹಿ. ಆದರೆ ಕಿವಿರಿನ ಕೋಶಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುವುದು ನೀರಿನಲ್ಲಿರುವ ಕ್ಯಾಲ್ಸಿಯಂ. ಮೆದು ನೀರಿನಲ್ಲಿ ಅದೇ ಕಡಿಮೆ. ಹಾಗಾಗಿ ಬಯಲುಸೀಮೆಯ ಗಡಸು ನೀರಿನ ಕೆರೆಗಿಂತ ಇಲ್ಲಿನ ಮೀನಿಗೆ ಉಪ್ಪು ಉಳಿಸಿಕೊಳ್ಳಲು ಜಾಸ್ತಿ ದುಡಿಮೆ.

ಇದೇ ಜಾಗದಲ್ಲಿ ನಿಮ್ಮೂರಿನ ತೋಟದವರಿಗೆ ಒಂದು ಮಾತು ಹೇಳಬೇಕು. ಅಡಿಕೆಗೆ ಕೊಳೆ ಔಷಧಿ ಅಂತ ಮಳೆಗೆ ಮುಂಚೆ ಬೋರ್ಡೋ ಹೊಡೆಯುತ್ತೇವಲ್ಲ, ಅದರಲ್ಲಿರುವ ಮೈಲುತುತ್ತ ಅಂದರೆ ತಾಮ್ರ. ತಾಮ್ರ ಮೀನಿಗೆ ಹೊಡೆಯುವುದು ಸರಿಯಾಗಿ ಈ ಉಪ್ಪು ಹೆಕ್ಕುವ ಕೋಶಗಳಿಗೇ. ಮೆದು ನೀರಿನಲ್ಲಂತೂ ಸ್ವಲ್ಪ ತಾಮ್ರವೂ ಬಹಳ ಆಯಿತು. ಮೇ ಕೊನೆಗೆ ಹಳ್ಳದಲ್ಲಿ ಮೊಣಕಾಲು ನೀರು, ಮೀನು ಮೊದಲೇ ಬಿಸಿಗೆ ಬಳಲಿದೆ, ಆಗ ಡ್ರಮ್ಮು ದೋಟಿ ಎಲ್ಲಾ ತಂದು ಅದೇ ಹಳ್ಳದಲ್ಲಿ ತೊಳೆದರೆ ಕಿವಿರಿಗೆ ಉಳಿಗಾಲ ಇಲ್ಲ. ದಯವಿಟ್ಟು ತೋಟದ ಒಳಗೇ, ನೀರಿನಿಂದ ದೂರ ತೊಳೆಯಿರಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಹಲವು ವರ್ಷದ ಹಿಂದೆ ತುಂಗೆಯ ದಂಡೆಯಲ್ಲಿ, ಹೀಗೇ ಒಂದು ಏಪ್ರಿಲ್ ಬೆಳಗ್ಗೆ, ನನ್ನ ಕಣ್ಣೆದುರೇ ಒಂದು ದೊಡ್ಡ ಮೀನು ಬಂಡೆಯ ಪಕ್ಕಕ್ಕೆ ಬಂದು ವಾಲಿತು. ಇನ್ನೂ ಬಿಸಿಲು ಏರಿರಲಿಲ್ಲ. ಬಾಯಿ ಅಗಲ ತೆರೆದಿತ್ತು, ಕಿವಿರು ಮುಚ್ಚಳ ಹೊರಗೆ ಚಾಚಿ ನಿಂತಿತ್ತು. ಉಸಿರು ನಿಂತ ಮೇಲೆ ಮುಚ್ಚಳ ಎತ್ತಿ ನೋಡಿದೆ. ಕಡು ಕೆಂಪು ಇರಬೇಕಾದದ್ದು ಮಂಕು ಗುಲಾಬಿ. ಮೇಲೆಲ್ಲ ಗಂಜಿಯಂಥ ಲೋಳೆ. ನೀರಲ್ಲಿ ಬಿಟ್ಟರೂ ಎಳೆಗಳು ಸರಿಯಾಗಿ ಹರಡಿಕೊಳ್ಳಲಿಲ್ಲ, ಅಲ್ಲಲ್ಲಿ ಗಂಟು ಗಂಟಾಗಿ ಅಂಟಿದ್ದವು. ಅಲ್ಲೇ ಒಂದು ತುಂಡನ್ನು ಕೆಡದ ಹಾಗೆ ಫಾರ್ಮಲಿನ್ ದ್ರಾವಣಕ್ಕೆ ಹಾಕಿದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಸಳಿನ ಮೇಲಿನ ಚರ್ಮ ಒಳಗಿನ ರಕ್ತನಾಳ ಬಿಟ್ಟು ಮೇಲೆದ್ದಿತ್ತು, ಕೆಂಡದ ಮೇಲೆ ಅಕ್ಕಿ ರೊಟ್ಟಿ ಉಬ್ಬಿ ಎರಡು ಪದರ ಆಗುತ್ತದಲ್ಲ, ಹಾಗೆ. ಕೆಲವು ಕಡೆ ಅಕ್ಕಪಕ್ಕದ ಎಸಳುಗಳು ಒಂದಕ್ಕೊಂದು ಕೂಡಿಕೊಂಡು ನಡುವಿನ ಸಂದಿಯೇ ಮುಚ್ಚಿಹೋಗಿತ್ತು. ಸತ್ತು ಮೂರ್ನಾಲ್ಕು ಗಂಟೆ ಆದ ಮೀನಿನಲ್ಲಿ ಇಂಥ ಉಬ್ಬು ಹೇಗೂ ಬರುತ್ತದೆ, ಅದನ್ನು ನಂಬಬಾರದು. ಆ ದಿನ ಮೀನು ಕಣ್ಣೆದುರೇ ಸತ್ತಿದ್ದರಿಂದ ನಂಬಬಹುದಾಗಿತ್ತು.

ಚರ್ಮ ಹೀಗೆ ಉಬ್ಬುವುದು, ಲೋಳೆ ಸುರಿಯುವುದು ಒಂದು ರೀತಿಯ ರಕ್ಷಣೆಯೇ. ನೀರಿಗೂ ರಕ್ತಕ್ಕೂ ನಡುವೆ ಗೋಡೆ ದಪ್ಪ ಮಾಡಿಕೊಂಡರೆ ಉಪ್ಪು ಸೋರುವುದು, ಹೊರಗಿನ ಕೆಟ್ಟದ್ದು ಒಳಗೆ ಬರುವುದು ಕಡಿಮೆಯಾಗುತ್ತದೆ. ಆದರೆ ಆಕ್ಸಿಜನ್ ಕೂಡ ಅದೇ ಗೋಡೆ ದಾಟಿ ಬರಬೇಕು. ಅತ್ತ ದರಿ, ಇತ್ತ ಪುಲಿ.

ಕೆಲವು ಮೀನುಗಳಿಗೆ ಕಿವಿರನ್ನೇ ಬದಲಾಯಿಸಿಕೊಳ್ಳಲು ಬರುತ್ತದೆ. ಯೂರೋಪಿನ ಕ್ರೂಸಿಯನ್ ಕಾರ್ಪ್ ಅಂತ ಒಂದು ಮೀನು, ನಮ್ಮ ಗೋಲ್ಡ್ ಫಿಶ್‌ನ ಹತ್ತಿರದ ನೆಂಟ. ತಣ್ಣಗಿನ, ಆಕ್ಸಿಜನ್ ಚೆನ್ನಾಗಿರುವ ನೀರಿನಲ್ಲಿ ಅದರ ಎಸಳುಗಳ ನಡುವಿನ ಸಂದಿಯಲ್ಲೆಲ್ಲ ಕೋಶಗಳು ತುಂಬಿಕೊಂಡು ಎಸಳೇ ಕಾಣದ ಹಾಗಿರುತ್ತದೆ. ಆಕ್ಸಿಜನ್ ಕಡಿಮೆಯಾದರೆ ಕೆಲವೇ ದಿನದಲ್ಲಿ ಆ ಕೋಶಗಳು ಉದುರಿ ಎಸಳುಗಳು ಹೊರಗೆ ಬರುತ್ತವೆ, ಉಸಿರಾಡುವ ಜಾಗ ಏಳು ಪಟ್ಟಿಗೂ ಜಾಸ್ತಿ ಆಗುತ್ತದೆ. 2003ರಲ್ಲಿ ನಾರ್ವೆಯ ವಿಜ್ಞಾನಿಗಳು ಇದನ್ನು ತೋರಿಸಿದರು. ಬೆಚ್ಚಗಿನ ನೀರಿನಲ್ಲೂ ಹೀಗೇ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಟ್ರೌಟ್‌ಗೆ ಈ ಅನುಕೂಲ ಅಷ್ಟಿಲ್ಲ. ಅದರ ಕಿವಿರು ಮೊದಲಿಂದಲೇ ಪೂರ್ತಿ ಬಿಚ್ಚಿಕೊಂಡಿರುತ್ತದೆ, ಜೋರು ಹರಿವಿನಲ್ಲಿ ಈಜುವ ಮೀನು ಅಲ್ವಾ, ಬಿಸಿ ಬಂದಾಗ ಹೊಸದಾಗಿ ಬಿಚ್ಚಲು ಏನೂ ಉಳಿದಿರುವುದಿಲ್ಲ.

ಹಾಗಂತ ಎಲ್ಲಾ ತಪ್ಪನ್ನೂ ಕಿವಿರಿನ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮೀನಿನಲ್ಲಿ ಮೈಯೆಲ್ಲ ಸುತ್ತಿ ಬಂದ ರಕ್ತ ಮೊದಲು ಹೃದಯಕ್ಕೆ, ಆಮೇಲೆ ಕಿವಿರಿಗೆ ಹೋಗುತ್ತದೆ. ಅಂದರೆ ಹೃದಯದ ಒಳಭಾಗಕ್ಕೆ ಸಿಗುವುದು ಎಲ್ಲರೂ ಉಂಡು ಉಳಿದದ್ದು. ಬಿಸಿಯಲ್ಲಿ ಮೈ ಎಲ್ಲವನ್ನೂ ಬಳಸಿಬಿಟ್ಟರೆ ಜೋರಾಗಿ ಬಡಿಯಬೇಕಾದ ಹೊತ್ತಿಗೇ ಹೃದಯಕ್ಕೆ ಆಕ್ಸಿಜನ್ ಇಲ್ಲ, ಒಂದು ಹಂತ ದಾಟಿದರೆ ಬಡಿತ ತಪ್ಪುತ್ತದೆ. ಕೆನಡಾದ ಫ್ರೇಸರ್ ನದಿಯಲ್ಲಿ 2004ರ ಬೇಸಗೆಯಲ್ಲಿ ನೀರು ವಾಡಿಕೆಗಿಂತ ಬೆಚ್ಚಗಾಗಿ ಸಾಕೈ ಸಾಲ್ಮನ್‌ಗಳು ಮೊಟ್ಟೆ ಇಡುವ ಜಾಗ ಮುಟ್ಟುವ ಮೊದಲೇ ದಾರಿಯಲ್ಲಿ ಸತ್ತವು. ಈಜಲು ಬೇಕಾದಷ್ಟು ಆಕ್ಸಿಜನ್ ಅನ್ನು ಹೃದಯ ಮತ್ತು ಕಿವಿರು ಸೇರಿ ಒದಗಿಸಲಾಗಲಿಲ್ಲ ಅನ್ನುವುದು ಅಲ್ಲಿನ ಸಂಶೋಧಕರ ವಿವರಣೆ. ಇನ್ನೊಂದು ಕಡೆ, ಪ್ರಯೋಗದ ತೊಟ್ಟಿಗೆ ಹೆಚ್ಚುವರಿ ಆಕ್ಸಿಜನ್ ಬಿಟ್ಟರೂ ಕೆಲವು ಮೀನುಗಳು ಅದೇ ಡಿಗ್ರಿಗೆ ಸೋಲುತ್ತವೆ. ಅಂಥಲ್ಲಿ ನರಗಳೋ ಇನ್ನೊಂದೋ ಮೊದಲು ಕೈಕೊಟ್ಟಿರುತ್ತದೆ. ಆದರೆ ಏಪ್ರಿಲ್‌ನ ಮಡುವಿನಲ್ಲಿ ಬರೀ ಬಿಸಿಯಷ್ಟೇ ಬರುವುದಿಲ್ಲ, ಆಕ್ಸಿಜನ್ ಕೊರತೆ ಜೊತೆಗೇ ಬರುತ್ತದೆ. ಅಲ್ಲಿ ಮೊದಲ ಪೆಟ್ಟು ಕಿವಿರಿಗೇ ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಮಡು. ಮಧ್ಯಾಹ್ನ ಬಂಡೆ ಕಾದು ನೀರು ಕಾಯುತ್ತದೆ. ಹಗಲು ಪಾಚಿ ಆಕ್ಸಿಜನ್ ಬಿಡುತ್ತಿರುತ್ತದೆ, ಹಾಗಾಗಿ ಹೇಗೋ ನಡೆಯುತ್ತದೆ. ರಾತ್ರಿ ಅದೇ ಪಾಚಿ, ತಳದ ಕೊಳೆತ ಎಲೆ, ಮೀನು ಎಲ್ಲಾ ಸೇರಿ ಆಕ್ಸಿಜನ್ ಬಳಸುತ್ತವೆ. ಹರಿವು ನಿಂತಿರುವುದರಿಂದ ಹೊಸದು ಬರುವುದಿಲ್ಲ. ಬಂಡೆಯ ಕಾವಿಗೆ ನೀರು ರಾತ್ರಿಯೂ ಪೂರ್ತಿ ತಣಿಯುವುದಿಲ್ಲ. ಬೆಳಗಿನ ಜಾವಕ್ಕೆ ಆಕ್ಸಿಜನ್ ಅತಿ ಕಡಿಮೆ. ನೀವು ಮೀನು ಬಾಯಿ ಬಿಡುವುದನ್ನು ಕಂಡದ್ದು ಸರಿಯಾಗಿ ಆ ಹೊತ್ತಿಗೆ. ಸತ್ತದ್ದೂ ದೊಡ್ಡ ಮೀನುಗಳೇ, ಆಕ್ಸಿಜನ್ ಕೊರತೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ದೊಡ್ಡವೇ. ವಿಷವಾಗಿದ್ದರೆ ಚಿತ್ರ ಬೇರೆ ಇರುತ್ತಿತ್ತು. ದೊಡ್ಡದು ಸಣ್ಣದು ಅಂತ ನೋಡದೆ ಒಟ್ಟಿಗೇ ಸಾಯುತ್ತವೆ, ಏಡಿ ಸೀಗಡಿ ಕಪ್ಪೆ ಕೂಡ, ಅದೂ ಯಾವ ಹೊತ್ತಿನಲ್ಲಾದರೂ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಹೊಳೆಗೆ ವಿಷ ಹಾಕಿದಾಗ ದೇವರ ಮೀನುಗಳು ರಾಶಿ ರಾಶಿ ಸತ್ತವು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಆ ನೆನಪಿನಿಂದ ಊರವರಿಗೆ ಅನುಮಾನ ಬರುವುದು ಸಹಜ. ಒಂದು ಗುರುತು ನೋಡಿಕೊಳ್ಳಿ. ಮುರುಗೋಡು, ಕುಚ್ಚು ಮೀನು ನಿಮ್ಮ ಮಡುವಿನಲ್ಲಿದ್ದರೆ, ದೇವರ ಮೀನು ಸಾಯುವಾಗಲೂ ಅವು ಆರಾಮಾಗಿದ್ದರೆ, ಅದು ಆಕ್ಸಿಜನ್ ಕೊರತೆ. ಅವು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು.

ಮಂಡಕ್ಕಿ ವಿಷಯ. ತಪ್ಪು ಅನ್ನುವುದಿಲ್ಲ, ಭಕ್ತಿಯಿಂದ ಹಾಕುತ್ತೀರಿ. ಆ ಭಕ್ತಿಯಿಂದಲೇ ಶೃಂಗೇರಿಯಲ್ಲಿ, ನಿಮ್ಮ ಪಕ್ಕದ ಚಿಪ್ಪಲಗುಡ್ಡೆಯಲ್ಲಿ ಈ ಮೀನುಗಳು ಉಳಿದಿವೆ. ಆದರೆ ಉಂಡದ್ದನ್ನು ಅರಗಿಸಲೂ ಆಕ್ಸಿಜನ್ ಬೇಕು, ಹೊಟ್ಟೆ ತುಂಬ ತಿಂದ ಮೀನಿಗೆ ಸುಮ್ಮನಿದ್ದಾಗಿನ ಎರಡು ಪಟ್ಟಿನವರೆಗೂ ಬೇಕಾಗುತ್ತದೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಇನ್ನಷ್ಟು ಆಕ್ಸಿಜನ್ ತಿಂದು ಅಮೋನಿಯಾ ಬಿಡುತ್ತದೆ. ಮೀನು ತನ್ನ ಮೈಯ ಅಮೋನಿಯಾವನ್ನು ಹೊರಗೆ ಹಾಕುವುದೂ ಹೆಚ್ಚಾಗಿ ಕಿವಿರಿನಿಂದಲೇ, ನೀರಲ್ಲೇ ಅದು ತುಂಬಿಕೊಂಡರೆ ಹೊರಗೆ ಹೋಗುವುದು ಕಷ್ಟ. ಬಿಸಿ ಜಾಸ್ತಿಯಾದಷ್ಟೂ ಅಮೋನಿಯಾದಲ್ಲಿ ವಿಷದ ರೂಪದ ಪಾಲೂ ಜಾಸ್ತಿ. ಹಾಗಾಗಿ ಯುಗಾದಿಯಿಂದ ಮಳೆ ಹಿಡಿಯುವ ತನಕ ಹಾಕಬೇಡಿ. ಹಾಕಲೇಬೇಕಾದ ದಿನ ಒಂದು ಹಿಡಿ, ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ಮೀನು ಬಾಯಿ ಬಿಡುತ್ತಿಲ್ಲ ಅಂತ ನೋಡಿಕೊಂಡು.

ಮತ್ತೆ ಹಾಗೇ ಆದರೆ ಐದು ಎಚ್‌ಪಿ ಪಂಪೊಂದನ್ನು ಮಡುವಿನ ದಂಡೆಗೆ ತಂದು ಅದೇ ನೀರನ್ನು ಎತ್ತಿ ಎತ್ತರದಿಂದ ಅದೇ ಮಡುವಿಗೆ ಚದುರಿಸಿ ಬೀಳಿಸಿ. ರಾತ್ರಿ ಎರಡರಿಂದ ಬೆಳಕು ಹರಿಯುವ ತನಕ. ಪೈಪಿನ ಬಾಯಿಗೆ ಬಲೆ ಕಟ್ಟಿ. ಬೋರ್‌ವೆಲ್ ನೀರನ್ನು ನೇರ ಬಿಡಬೇಡಿ, ನೆಲದಾಳದ ನೀರಿನಲ್ಲಿ ಆಕ್ಸಿಜನ್ ಬಹಳ ಸಲ ಕಡಿಮೆ ಇರುತ್ತದೆ. ಐಸ್ ಸುರಿಯುವುದಂತೂ ಬೇಡ, ಮೀನಿಗೆ ಏರುವುದಕ್ಕೂ ಇಳಿಯುವುದಕ್ಕೂ ಸಮಯ ಬೇಕು. ಬಳಲಿದ ಮೀನನ್ನು ಕೈಯಲ್ಲಿ ಎತ್ತಿ ಬೇರೆ ಕಡೆ ಬಿಡೋಣ ಅಂತ ಹುಡುಗರು ಹೊರಡುತ್ತಾರೆ. ಬಟ್ಟಲಿನ ಕಿವಿರು ನೆನಪಿದೆಯಲ್ಲ, ನೀರಿಂದ ಹೊರಗೆ ಬಂದ ಕ್ಷಣ ಎಸಳುಗಳೆಲ್ಲ ಅಂಟಿಕೊಳ್ಳುತ್ತವೆ. ಮುಟ್ಟದಿರುವುದೇ ಉಪಕಾರ.

ಮುಂದಿನ ವರ್ಷಗಳಿಗೆ ಬೇಕಾದದ್ದು ನೆರಳು. ದಂಡೆಯ ಹೊಳೆಮತ್ತಿ, ಹೊಂಗೆ, ನೇರಳೆ ಮರಗಳನ್ನು ತೋಟ ವಿಸ್ತರಿಸಲು ಕಡಿದ ಕಡೆಯೇ ನೀರು ಜಾಸ್ತಿ ಕಾಯುತ್ತದೆ. ಪಶ್ಚಿಮದ ಬಿಸಿಲು ಬೀಳುವ ದಂಡೆಗೆ ಮೊದಲು ನೆಡಿ. ಮತ್ತೆ ಮಡುವಿನ ಅತಿ ಆಳದ ಜಾಗದಿಂದ ತೋಟಕ್ಕೆ ನೀರು ಎತ್ತಬಾರದು ಅಂತ ಊರಲ್ಲೇ ಕೂತು ಒಪ್ಪಂದ ಮಾಡಿಕೊಳ್ಳಿ. ಆಳದಲ್ಲಿ ಒಂದೆರಡು ಡಿಗ್ರಿ ತಂಪು ಸಿಕ್ಕರೂ ಮೀನಿಗೆ ಅದೇ ದೊಡ್ಡ ಆಸರೆ.

ಕೊನೆಗೆ ಭಾವನವರ ಟ್ರೌಟ್. ಬೇಡ ಅನ್ನುತ್ತೇನೆ. ಮಹಶೀರ್ ಬದುಕುವ ನೀರಿನಲ್ಲಿ ಟ್ರೌಟ್ ಯಾಕೆ ಆಗುವುದಿಲ್ಲ ಅಂತ ಅವರು ಕೇಳಬಹುದು. ಉತ್ತರಾಖಂಡದ ಭೀಮತಾಲ್‌ನ ಶೀತಜಲ ಮೀನು ಸಂಶೋಧನಾ ಸಂಸ್ಥೆಯಲ್ಲಿ ಟ್ರೌಟ್ ಜೊತೆಗೇ ಮಹಶೀರ್ ಬಗ್ಗೆಯೂ ಕೆಲಸ ಮಾಡುತ್ತಾರೆ ನಿಜ, ಆದರೆ ನಮ್ಮ ಮಹಶೀರ್ ನಮ್ಮ ಹೊಳೆಗೆ ಒಗ್ಗಿದ್ದು. ರೇನ್‌ಬೋ ಟ್ರೌಟ್ ಚೆನ್ನಾಗಿ ತಿಂದು ಬೆಳೆಯುವುದು 10ರಿಂದ 16 ಡಿಗ್ರಿ ನೀರಿನಲ್ಲಿ. 20 ದಾಟಿದರೆ ಮೇವು ಬಿಡುತ್ತದೆ, 25ರ ಹತ್ತಿರ ಸಾಯುತ್ತದೆ. ದಕ್ಷಿಣದಲ್ಲಿ ಅದು ಬದುಕಿರುವುದು ನೀಲಗಿರಿ, ಮುನ್ನಾರ್‌ನಂಥ ಎತ್ತರದ ಗುಡ್ಡಗಳಲ್ಲಿ. ಆಗುಂಬೆ ಮಳೆಗೆ ಹೆಸರಾದ ಊರು, ಎತ್ತರ ಸುಮಾರು 650 ಮೀಟರ್ ಅಷ್ಟೇ. ಜನವರಿಯಲ್ಲಿ ಕೈ ಇಟ್ಟರೆ ಕೊರೆಯುವ ಹಳ್ಳದ ನೀರು ಏಪ್ರಿಲ್‌ನಲ್ಲಿ ಹಾಗಿರುವುದಿಲ್ಲ. ಹಣ ಹಾಕುವ ಮೊದಲು ಅವರು ನೂರಿನ್ನೂರು ರೂಪಾಯಿಯ ಒಂದು ಥರ್ಮಾಮೀಟರ್ ತಂದು ಏಪ್ರಿಲ್ ತಿಂಗಳು ಪೂರ್ತಿ ಮಧ್ಯಾಹ್ನ ಮೂರಕ್ಕೆ ಹಳ್ಳದ ನೀರಿನ ಬಿಸಿ ಬರೆದಿಡಲಿ.

ನೀವೂ ಒಂದು ಲೆಕ್ಕ ಇಡಿ. ಮಡುವಿನ ಅಂಚಿನಲ್ಲಿ ನೆರಳು ಬೀಳದ ಹಾಗೆ ಕೂತು, ಸುಮ್ಮನೆ ನಿಂತ ಒಂದು ಮೀನನ್ನು ಆರಿಸಿ, ಕಿವಿರು ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಅಂತ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಜುಲೈನಲ್ಲಿ ಹೊಳೆ ಕೆಂಪಗೆ ತುಂಬಿರುವಾಗ ಮೀನು ಕಾಣುವುದಿಲ್ಲ. ನವೆಂಬರ್‌ನಲ್ಲಿ ನೀರು ತಿಳಿಯಾದ ಮೇಲೆ ಎಣಿಸಿ, ಅದು ಅವುಗಳ ಆರಾಮದ ಉಸಿರು. ಮಾರ್ಚ್‌ನಿಂದ ವಾರಕ್ಕೊಮ್ಮೆ ಬೆಳಗ್ಗೆ ಎದ್ದ ಕೂಡಲೇ ಎಣಿಸಿ. ಸಂಖ್ಯೆ ಏರುತ್ತಾ ಹೋದರೆ ಮೀನು ಮೇಲೆ ಬಂದು ಬಾಯಿ ಬಿಡುವವರೆಗೆ ಕಾಯಬೇಡಿ, ಅವತ್ತೇ ಪಂಪ್ ತರಿಸಿ.